ಕಿವಿಗೆ ಕಾಣುವ ಕಾಳಗ

ಪುಲಿಕೇಶಿನಗರ ಎಂಬ ಹೆಸರಿನಲ್ಲೇ ಒಂದು ಯುದ್ಧ ಅಡಗಿದೆ. ಆಟೋದವರಿಗೆ ಇಂದಿಗೂ ‘ಫ್ರೇಜರ್ ಟೌನ್’ ಎಂದರೇ ಬೇಗ ತಿಳಿಯುವ ಈ ಬಡಾವಣೆ ತನ್ನ ಬ್ರಿಟಿಷ್ ಹೆಸರು ಕಳಚಿ ಹೊತ್ತುಕೊಂಡದ್ದು ಬಾದಾಮಿಯ ಚಾಲುಕ್ಯ ದೊರೆಯ ಹೆಸರನ್ನು. ಉತ್ತರಾಪಥದ ಹರ್ಷವರ್ಧನನನ್ನು ನರ್ಮದೆಯ ದಂಡೆಯಲ್ಲಿ ತಡೆದ ಇಮ್ಮಡಿ ಪುಲಿಕೇಶಿ ಅವನು. ಆ ಕಾಳಗವನ್ನು ಚಿತ್ರವಾಗಿ ಯಾರೂ ಉಳಿಸಿಕೊಟ್ಟಿಲ್ಲ. ಉಳಿದಿರುವುದು ಮಾತು: ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ರವಿಕೀರ್ತಿ ಬರೆಸಿದ ಸಂಸ್ಕೃತ ಶಾಸನ. ಯಾರು ಯಾರಿಗೆ ಎಲ್ಲಿ ಹೊಡೆದರು ಎಂಬ ವಿವರ ಅದರಲ್ಲಿಲ್ಲ. ಆನೆಗಳು ಉರುಳಿದವು, ಭಯದಿಂದ ಹರ್ಷನ ‘ಹರ್ಷ’ವೇ ಕರಗಿತು ಎಂದಷ್ಟೇ ಹೇಳಿ ಕವಿ ಮುಂದೆ ಸಾಗುತ್ತಾನೆ. ಆ ಶ್ಲೇಷೆ ಕಿವಿಗೆ ಬಿದ್ದ ಕೂಡಲೇ ಸೋತವನಾರು ಎಂಬುದು ಗೊತ್ತಾಗಿಬಿಡುತ್ತದೆ.

ಬಾನುಲಿ ನಾಟಕ ಬರೆಯುವವರಿಗೆ ಎದುರಾಗುವ ಕಷ್ಟವೂ ಇದೇ. ಪುಲಿಕೇಶಿನಗರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ರಾಜಭವನ ರಸ್ತೆಯಲ್ಲಿರುವ ಆಕಾಶವಾಣಿ ನಿಲಯ 1955ರಿಂದ ಕನ್ನಡದ ಮನೆಗಳಿಗೆ ನಾಟಕ ತಲುಪಿಸಿದೆ. ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 1935ರಲ್ಲಿ, ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದ್ದರು. ಅಂದಿನಿಂದ ಇಂದಿನವರೆಗೆ ಯಂತ್ರಗಳೆಲ್ಲ ಬದಲಾಗಿವೆ. ಆದರೆ ಹೊಡೆದಾಟದ ದೃಶ್ಯ ಬಂದಾಗ ಎದುರಾಗುವ ಪ್ರಶ್ನೆ ಬದಲಾಗಿಲ್ಲ: ಏಟು ಬಿತ್ತು, ಸರಿ, ಬಿದ್ದದ್ದು ಯಾರಿಗೆ?

ಸದ್ದಿಗೆ ಯಜಮಾನನಿಲ್ಲ. ಧೋ ಎಂದು ಸುರಿಯುವ ಮಳೆಯ ಸದ್ದನ್ನೂ ಬಾಣಲೆಯಲ್ಲಿ ಬೋಂಡಾ ಬೇಯುವ ಸದ್ದನ್ನೂ ಕಣ್ಣು ಮುಚ್ಚಿ ಕೇಳಿದರೆ ಎಷ್ಟೋ ಸಲ ವ್ಯತ್ಯಾಸ ತಿಳಿಯದು. ಹಾಗೆಯೇ ‘ಧಡ್’ ಎಂಬ ಸದ್ದು ನಾಯಕ ಬಿದ್ದದ್ದೂ ಆಗಬಹುದು, ಖಳನಾಯಕ ಬಿದ್ದದ್ದೂ ಆಗಬಹುದು, ಅಟ್ಟದಿಂದ ಅಕ್ಕಿ ಮೂಟೆ ಉರುಳಿದ್ದೂ ಆಗಬಹುದು. ಸಿನಿಮಾದಲ್ಲಿ ಐದು ನಿಮಿಷದ ಹೊಡೆದಾಟ ಬೇಸರ ತರಿಸದು. ಅದೇ ಹೊಡೆದಾಟದ ಧ್ವನಿಯನ್ನಷ್ಟೇ ಕೇಳಿ ನೋಡಿ. ಅರ್ಧ ನಿಮಿಷದಲ್ಲಿ ಅದು ಪಾತ್ರೆ ಅಂಗಡಿಗೆ ಗೂಳಿ ನುಗ್ಗಿದಂತಾಗುತ್ತದೆ.

ವಿಚಿತ್ರವೆಂದರೆ, ನಿಜವಾದ ಏಟಿನ ಸದ್ದು ಬಾನುಲಿಗೆ ಒದಗುವುದೇ ಇಲ್ಲ. ಮೈಗೆ ಬಿದ್ದ ಗುದ್ದಿನ ಸದ್ದು ಮಂದ; ಮೈಕಿನ ಹತ್ತಿರ ಹೊಡೆದ ಕಪಾಳಮೋಕ್ಷ ಚಪ್ಪಾಳೆಯಂತೆ ಕೇಳುತ್ತದೆ. ಚರ್ಮದ ಒರೆಯಿಂದ ಹಿರಿದ ಕತ್ತಿ ಝಣತ್ಕಾರ ಮಾಡುವುದಿಲ್ಲ. ಹಾಗಾಗಿ ಧ್ವನಿ ಪರಿಣಾಮದವರು ಅಡುಗೆಮನೆಗೆ ಮೊರೆಹೋದರು. ಎಲೆಕೋಸಿಗೆ ಚಾಕು ಚುಚ್ಚಿದರೆ ಇರಿತ, ಗರಿಗರಿ ಸೊಪ್ಪಿನ ದಂಟು ಮುರಿದರೆ ಮೂಳೆ ಮುರಿತ, ತೆಂಗಿನ ಕರಟ ಕುಟ್ಟಿದರೆ ಕುದುರೆಯ ಗೊರಸು, ತೆಳು ಬೆತ್ತ ಬೀಸಿದರೆ ಚಾಟಿ. ದೇಶದೇಶಗಳ ಬಾನುಲಿ ಸ್ಟುಡಿಯೋಗಳು ಬಳಸಿದ ಉಪಾಯಗಳಿವು. ನಟನನ್ನು ಮೈಕಿನಿಂದ ಒಂದೆರಡು ಹೆಜ್ಜೆ ದೂರ ನಿಲ್ಲಿಸಿದರೆ ಅವನು ಅಂಗಳದ ಆಚೆ ತುದಿಗೆ ಹೋಗಿರುತ್ತಾನೆ. ಹತ್ತಿರ ಬಂದು ಉಸಿರು ಬಿಟ್ಟರೆ ಕೇಳುವವನ ಹೆಗಲ ಮೇಲೇ ಇರುತ್ತಾನೆ. ಕೋಣೆಯ ಉದ್ದಗಲವನ್ನು ಅಳೆದುಕೊಡುವುದು ಈ ದೂರವೇ.

ಆದರೂ ಎಲೆಕೋಸು ‘ಯಾರಿಗೆ’ ಎಂಬುದನ್ನು ಹೇಳಲಾರದು. ಅದಕ್ಕೆ ಮಾತು ಬೇಕು. ಇಲ್ಲಿಯೇ ಅನೇಕ ನಾಟಕಗಳು ಎಡವುವುದು. ‘ಅಯ್ಯೋ, ಬಲಗೈಯಲ್ಲಿ ಚಾಕು ಹಿಡಿದು ನನ್ನ ಎಡಭುಜದ ಕಡೆ ಬರುತ್ತಿದ್ದೀಯಾ!’ ಎಂದು ಪ್ರಾಣಭಯದಲ್ಲಿರುವವನು ವರದಿ ಒಪ್ಪಿಸಿದರೆ ಕೇಳುವವರಿಗೆ ನಗು ಬರುತ್ತದೆ. ಮನೆ ಪಾಲಿನ ವಿಚಾರಕ್ಕೆ ಅಣ್ಣ ತಮ್ಮಂದಿರು ಕೈಕೈ ಮಿಲಾಯಿಸುವ ದೃಶ್ಯ ಇದೆ ಎನ್ನಿ. ಒಳಗೆ ತಾಯಿ ಒರಳಲ್ಲಿ ರುಬ್ಬುತ್ತಿದ್ದಾಳೆ. ‘ಪತ್ರ ಕೆಳಗಿಡೋ.’ ‘ಅಣ್ಣ, ಕೈ ಬಿಡು.’ ಕುರ್ಚಿ ಉರುಳುತ್ತದೆ. ಒರಳಿನ ಸದ್ದು ನಿಲ್ಲುತ್ತದೆ. ಏದುಸಿರು. ತಾಯಿಯದು ಒಂದೇ ಮಾತು: ‘ಅವನು ನಿನ್ನ ತಮ್ಮ ಕಣೋ!’ ಗೆದ್ದವನು ಯಾರು, ಕೆಳಗೆ ಬಿದ್ದವನು ಯಾರು ಎಂಬುದು ಆ ಒಂದು ಮಾತಿನಲ್ಲಿದೆ. ಭಯ ಮಾತ್ರ ಒರಳು ನಿಂತ ಕ್ಷಣದಲ್ಲಿದೆ. ನಡುವೆ ಬಿದ್ದ ಏಟುಗಳ ಲೆಕ್ಕ ಯಾರಿಗೂ ಬೇಡ.

ಕೇಳಿ ತಿಳಿಯುವ ಯುದ್ಧದ ಕಲೆ ನಮಗೆ ಹೊಸದಲ್ಲ. ಮಹಾಭಾರತದ ಯುದ್ಧವನ್ನು ಕುರುಡ ದೊರೆ ಧೃತರಾಷ್ಟ್ರ ಸಂಜಯನ ಬಾಯಿಂದಲೇ ಕೇಳಿದ. ಆ ವರದಿಯ ಕ್ರಮವನ್ನು ನಾಟಕಕಾರರು ಗಮನಿಸಬೇಕು. ಭೀಷ್ಮಪರ್ವದಲ್ಲಿ ಸಂಜಯ ರಣರಂಗದಿಂದ ಧಾವಿಸಿ ಬಂದು ಮೊದಲು ಹೇಳುವುದೇ ಭೀಷ್ಮ ಬಿದ್ದನೆಂಬ ಸುದ್ದಿ. ಹತ್ತು ದಿನಗಳ ಕಾಳಗದ ವಿವರ ಬರುವುದು ಆಮೇಲೆ. ಯಾರು ಬೀಳುತ್ತಾರೆಂದು ಮೊದಲೇ ತಿಳಿದಿರುವುದರಿಂದ ಕೇಳುಗ ಗೊಂದಲಕ್ಕೆ ಬೀಳುವುದಿಲ್ಲ. ‘ಹೇಗೆ ಬಿದ್ದ’ ಎಂಬುದಕ್ಕಷ್ಟೇ ಕಿವಿಗೊಡುತ್ತಾನೆ.

ರನ್ನನ ‘ಗದಾಯುದ್ಧ’ ಇನ್ನೂ ಒಂದು ಹೆಜ್ಜೆ ಮುಂದೆ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಮುಳುಗಿ ಕುಳಿತಿದ್ದಾನೆ. ದಡದಲ್ಲಿ ಭೀಮ ಗರ್ಜಿಸುತ್ತಾನೆ. ನೀರೊಳಗಿದ್ದರೂ ದುರ್ಯೋಧನ ಬೆವರುತ್ತಾನೆ. ಅಲ್ಲಿ ಅವನಿಗೆ ಮುಟ್ಟಿದ್ದು ಗದೆಯಲ್ಲ, ದನಿ. ಸಾವಿರ ವರ್ಷದ ಹಿಂದಿನ ಈ ಪ್ರಸಂಗಕ್ಕಿಂತ ಒಳ್ಳೆಯ ಬಾನುಲಿ ದೃಶ್ಯ ಹುಡುಕುವುದು ಕಷ್ಟ.

ಕರಾವಳಿ ಮತ್ತು ಕಾಸರಗೋಡಿನ ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲೇ ವಾದ ಮಾಡುತ್ತಾರೆ. ಕರ್ಣಾರ್ಜುನರು ಮಾತಿನಲ್ಲಿ ಒಬ್ಬರನ್ನೊಬ್ಬರು ಕತ್ತರಿಸಿದ ಮೇಲೆ ಭಾಗವತರ ಪದ, ಚೆಂಡೆಯ ಬಿರುಸು. ಅಲ್ಲಿಗೆ ಯುದ್ಧ ಮುಗಿಯಿತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಿದವರಿಗೆ ಬಾಣ ನಾಟಿದ ಸದ್ದು ಬೇಕೆನಿಸಿರಲಾರದು. 1977ರ ‘ಬಭ್ರುವಾಹನ’ ಚಿತ್ರದಲ್ಲಿ ಅಪ್ಪ ಮಗ ಇಬ್ಬರೂ ರಾಜ್‌ಕುಮಾರ್ ಅವರೇ. ಆದರೆ ಅವರಿಬ್ಬರ ಸವಾಲಿನ ಹಾಡಿಗೆ ಪಿ.ಬಿ. ಶ್ರೀನಿವಾಸ್ ಮತ್ತು ರಾಜ್‌ಕುಮಾರ್, ಹೀಗೆ ಎರಡು ಕಂಠ. ಹಾಡಾಗಿ ರೇಡಿಯೋಗೆ ಬಂದಾಗ ಜಗಳ ಇಬ್ಬರದೆಂದು ತಿಳಿಯುವುದು ಆ ಎರಡು ಕಂಠಗಳಿಂದಲೇ.

ಯುರೋಪಿನಲ್ಲಿ ಈ ಇಕ್ಕಟ್ಟಿಗೆ ಜಾಣ ಉತ್ತರ ಕೊಟ್ಟವನು ರಿಚರ್ಡ್ ಹ್ಯೂಸ್. 1924ರಲ್ಲಿ ಬಿಬಿಸಿಗೆ ಬರೆದ ‘ಡೇಂಜರ್’ ನಾಟಕವನ್ನು ಅವನು ದೀಪ ಆರಿದ ಕಲ್ಲಿದ್ದಲು ಗಣಿಯೊಳಗೆ ಇಟ್ಟ. ಪಾತ್ರಗಳಿಗೂ ಏನೂ ಕಾಣದು, ಕೇಳುಗರಿಗೂ ಕಾಣದು. ಹಾಗಾಗಿ ‘ಏನಾಯಿತು?’ ಎಂದು ಪಾತ್ರ ಕೇಳಿದರೆ ಅದು ಕೃತಕವಾಗುವುದಿಲ್ಲ.

ಇದೆಲ್ಲ ಕಸುಬುದಾರರ ತಲೆನೋವು ಎಂದು ಬಿಟ್ಟುಬಿಡುವಂತಿಲ್ಲ. ಕಣ್ಣು ಕಾಣದ ಪ್ರೇಕ್ಷಕರು ಚಿತ್ರಮಂದಿರದಲ್ಲಿ ಪಕ್ಕದವರನ್ನು ‘ಯಾರು ಬಿದ್ದರು?’ ಎಂದು ಪಿಸುದನಿಯಲ್ಲಿ ಕೇಳಬೇಕಾಗುತ್ತದೆ. ಅವರಿಗಾಗಿ ಚಿತ್ರಗಳಿಗೆ ಧ್ವನಿ ವಿವರಣೆ ಒದಗಿಸಬೇಕೆಂದು ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ವಿವರಣೆಕಾರರು ಮಾತಾಡಬೇಕಾದ್ದು ಚಿತ್ರದ ಸಂಭಾಷಣೆಗಳ ನಡುವಿನ ಬಿಡುವಿನಲ್ಲಿ. ಹೊಡೆದಾಟದಲ್ಲಿ ಸಂಭಾಷಣೆ ಕಡಿಮೆ, ಬಿಡುವು ಧಾರಾಳ. ಆದರೆ ಏಟುಗಳು ಮಾತಿಗಿಂತ ವೇಗ. ಒಂದು ಏಟನ್ನು ವಾಕ್ಯದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಪರದೆಯ ಮೇಲೆ ನಾಲ್ಕು ಬಿದ್ದಿರುತ್ತವೆ. ಮೂರನ್ನು ಕೈಬಿಟ್ಟು ಒಂದನ್ನು ಆರಿಸಬೇಕು. ಆರಿಸಿದ್ದು ತಪ್ಪಾದರೆ, ಇಡೀ ಚಿತ್ರಮಂದಿರ ಶಿಳ್ಳೆ ಹಾಕುವಾಗ ಒಬ್ಬರು ಮಾತ್ರ ಸುಮ್ಮನೆ ಕುಳಿತಿರುತ್ತಾರೆ.