ನೆರಳು ಗಿಡ್ಡವಾದರೆ ಮಕ್ಕಳ ಆಟ ಮರದಡಿಗೆ

ಕೋಲಾರ: ಬೇಸಿಗೆಯಲ್ಲಿ ರಾಯಚೂರು, ಕಲಬುರಗಿಗಳಿಗೆ ಹೋಲಿಸಿದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಉಷ್ಣಾಂಶ ಕಡಿಮೆ. ಹೀಗಾಗಿ ಮಕ್ಕಳು ಬಿಸಿಲಿನಲ್ಲಿ ಆಡಿದರೂ ತೊಂದರೆಯಿಲ್ಲವೆಂದು ಪೋಷಕರು ಭಾವಿಸುವುದುಂಟು. ಆದರೆ ಈ ಭಾವನೆ ಸರಿಯಲ್ಲ.

ಚರ್ಮ ಹಾಗೂ ಕಣ್ಣಿಗೆ ಹಾನಿ ಮಾಡುವ ಅತಿನೇರಳೆ ಕಿರಣಗಳ ತೀವ್ರತೆಯನ್ನು ನಿರ್ಧರಿಸುವುದು ಗಾಳಿಯ ಬಿಸಿಯಲ್ಲ, ಮುಖ್ಯವಾಗಿ ಆಗಸದಲ್ಲಿ ಸೂರ್ಯನಿರುವ ಎತ್ತರ. ಏಪ್ರಿಲ್ 24-25 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಈ ಭಾಗದಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಜತೆಗೆ, ಪ್ರತಿ 1000 ಮೀಟರ್ ಎತ್ತರಕ್ಕೆ ಈ ಕಿರಣಗಳು ಸುಮಾರು ಶೇ. 10ರಷ್ಟು ಹೆಚ್ಚುತ್ತವೆ. ಕೋಲಾರ ಪಟ್ಟಣ ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿದೆ.

ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಕಾಯುತ್ತದೆ, ಬೆವರುವುದೂ ಕಡಿಮೆ. ಆಟದ ಗುಂಗಿನಲ್ಲಿ ಬಾಯಾರಿಕೆಯನ್ನು ಅವರು ಹೇಳುವುದಿಲ್ಲ.

ಯಾವಾಗ ಎಚ್ಚರ ವಹಿಸಬೇಕೆಂದು ತಿಳಿಯಲು ಉಪಕರಣ ಬೇಕಿಲ್ಲ. ಮಗುವಿನ ನೆರಳು ಅದರ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಆಟವನ್ನು ಮರದಡಿಗೆ ಇಲ್ಲವೇ ಒಳಾಂಗಣಕ್ಕೆ ಬದಲಾಯಿಸಬೇಕು. ಏಪ್ರಿಲ್‌ನಲ್ಲಿ ಬೆಳಿಗ್ಗೆ ಸುಮಾರು 9ರಿಂದ ಮಧ್ಯಾಹ್ನ 3 ಗಂಟೆ ದಾಟುವವರೆಗೂ ಈ ಸ್ಥಿತಿ ಇರುತ್ತದೆ. ಅಂಗನವಾಡಿ ಮಕ್ಕಳಿಗೂ ಈ ಲೆಕ್ಕವನ್ನು ಆಟವಾಗಿ ಕಲಿಸಬಹುದು.

ಅಗಲ ಅಂಚಿನ ಟೋಪಿ, ತೋಳು ಮುಚ್ಚುವ ತೆಳು ಹತ್ತಿ ಬಟ್ಟೆ, ಆಗಾಗ್ಗೆ ಕುಡಿಯುವ ನೀರು ಅಗತ್ಯ. ಬಿಸಿಲಿಗೆ ಕಾದ ಲೋಹದ ಜಾರುಬಂಡೆಯನ್ನು ಮೊದಲು ಕೈಯಿಂದ ಮುಟ್ಟಿ ನೋಡಬೇಕು. ಮುಳಬಾಗಿಲಿನ ಸುತ್ತಲಿನ ಬಂಡೆಗಳು ಸಂಜೆಯೂ ಬಿಸಿ ಉಗುಳುತ್ತವೆ. ಮಾಲೂರಿನ ಇಟ್ಟಿಗೆ ಗೂಡುಗಳ ಬಳಿ ಬಿಸಿಲಿನ ಜತೆ ಬೆಂಕಿಯ ಕಾವೂ ಸೇರುತ್ತದೆ. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ದುಡಿಯುವ ತಾಯಂದಿರು ಮಕ್ಕಳನ್ನು ದಟ್ಟ ನೆರಳಿನಲ್ಲಿ ಕೂರಿಸುವುದು ಕ್ಷೇಮ. ಆರು ತಿಂಗಳೊಳಗಿನ ಶಿಶುಗಳನ್ನು ನೇರ ಬಿಸಿಲಿಗೆ ಒಡ್ಡಬಾರದು. ಅವುಗಳಿಗೆ ಪದೇ ಪದೇ ಎದೆಹಾಲು ಕೊಟ್ಟರೆ ಸಾಕು, ನೀರು ಬೇಡ.

ಬಾಯಿ ಒಣಗುವುದು, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು ಅಪಾಯದ ಮುನ್ಸೂಚನೆ. ಇಂಥ ಮಗುವನ್ನು ಕೂಡಲೇ ನೆರಳಿಗೆ ತಂದು ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಬೇಕು. ಮೈ ಸುಡುತ್ತಿದ್ದು ಮಗು ತಡವರಿಸಿದರೆ, ಫಿಟ್ಸ್ ಬಂದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಹಾಕಬಾರದು. ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು.