ಕಲ್ಲು ಕೊಡಲಿಗೆ ಕಾವು ಕಟ್ಟುವ ಹಸಿ ತೊಗಲು

ಬಳ್ಳಾರಿಯ ಸಮೀಪ ಸಂಗನಕಲ್ಲು, ಕಪ್ಪಗಲ್ಲು ಎಂಬ ಎರಡು ಗ್ರಾಮಗಳಿವೆ. ಅಲ್ಲಿಯ ಗುಡ್ಡಗಳನ್ನು ಕರ್ನಾಟಕದ ಅತಿ ಪ್ರಾಚೀನ ಕಾರ್ಖಾನೆಗಳಲ್ಲೊಂದೆಂದು ಕರೆದರೆ ಅತಿಶಯೋಕ್ತಿಯಾಗದು. ಹಿರೇಗುಡ್ಡದ ಗ್ರಾನೈಟ್ ಬಂಡೆಗಳ ನಡುವೆ ಡೊಲೆರೈಟ್ ಎಂಬ ಕಪ್ಪು ಶಿಲೆಯ ಪಟ್ಟಿಯೊಂದು ಹಾಯ್ದಿದೆ. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ನವಶಿಲಾಯುಗದ ಜನರು ಆ ಶಿಲೆಯನ್ನು ಒಡೆದು, ಚಕ್ಕೆ ಎಬ್ಬಿಸಿ, ಬಂಡೆಯ ಮೇಲೆ ಉಜ್ಜಿ ನುಣುಪುಗೊಳಿಸಿ ಕೊಡಲಿಗಳನ್ನು ತಯಾರಿಸುತ್ತಿದ್ದರು. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞರು 1872ರಲ್ಲಿ ಈ ನೆಲೆಯನ್ನು ಗುರುತಿಸಿದರು. ಪುಣೆಯ ಡೆಕ್ಕನ್ ಕಾಲೇಜಿನ ಬಿ. ಸುಬ್ಬರಾವ್ ಅವರು 1940ರ ದಶಕದಲ್ಲಿ ಇಲ್ಲಿ ಉತ್ಖನನ ನಡೆಸಿದರು. ಮುಂದೆ ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಅವರ ಸಂಗಡಿಗರು ಅಧ್ಯಯನವನ್ನು ವಿಸ್ತರಿಸಿದರು.

ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಈ ಕೊಡಲಿಗಳನ್ನು ಕಂಡವರಿಗೆ ಒಂದು ಪ್ರಶ್ನೆ ಏಳದೆ ಇರದು. ಕಲ್ಲು ಇದೆ, ಕಾವು ಎಲ್ಲಿ? ನಮ್ಮ ಹವೆಯಲ್ಲಿ ಮರವಾಗಲಿ ತೊಗಲಾಗಲಿ ಮೂರು ಸಾವಿರ ವರ್ಷ ಉಳಿಯುವುದಿಲ್ಲ. ಆದರೆ ಕಲ್ಲಿನ ಆಕಾರವೇ ಅರ್ಧ ಉತ್ತರವನ್ನು ಹೇಳುತ್ತದೆ. ದಕ್ಷಿಣ ಭಾರತದ ಈ ಕೊಡಲಿಗಳು ಸಾಮಾನ್ಯವಾಗಿ ತ್ರಿಕೋನಾಕಾರದವು. ಬಾಯಿ ಅಗಲ, ಹಿಂಬದಿ ಚೂಪು. ಕಾವಿನ ತೂತಿಗೆ ಚೂಪು ಬದಿಯನ್ನು ತೂರಿಸಿದರೆ ಪ್ರತಿ ಪೆಟ್ಟಿಗೂ ಕಲ್ಲು ಇನ್ನಷ್ಟು ಒಳಕ್ಕೆ ಇಳಿದು ಬಿಗಿಯಾಗುತ್ತದೆ. ಅಪಾಯವೂ ಅಲ್ಲಿಯೇ ಇದೆ. ಒಳಕ್ಕೆ ಇಳಿಯುವ ಕಲ್ಲು ಬೆಣೆಯಂತೆ ಮರವನ್ನು ಸೀಳುತ್ತದೆ. ಆದ್ದರಿಂದ ತೊಗಲಿನ ಕಟ್ಟು ಕಲ್ಲನ್ನು ಹಿಡಿದಿಡುವುದಕ್ಕೆ ಮಾತ್ರವಲ್ಲ, ಅದಕ್ಕಿಂತ ಹೆಚ್ಚಾಗಿ ಮರ ಸೀಳದಂತೆ ತಡೆಯುವುದಕ್ಕೆ ಬೇಕು. ಇದನ್ನು ನಾನು ಪುಸ್ತಕದಿಂದ ತಿಳಿಯಲಿಲ್ಲ. ಎರಡು ಕಾವುಗಳನ್ನು ಸೀಳಿಕೊಂಡ ಮೇಲೆ ತಿಳಿದೆ.

ಮಗನ ಶಾಲೆಯ ಪ್ರದರ್ಶನಕ್ಕೆಂದು ಡೊಂಬಿವಲಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಈ ಸಾಹಸಕ್ಕೆ ಕೈಹಾಕಿದ್ದೆವು. ಕಲ್ಲಿಗೆ ಕೊರತೆಯಿರಲಿಲ್ಲ. ಕಲ್ಯಾಣದಾಚೆ ಮಲಂಗಗಡದವರೆಗೂ ಹಬ್ಬಿರುವ ಬಸಾಲ್ಟ್ ಡೊಲೆರೈಟಿನ ದಾಯಾದಿಯೇ. ಒಂದು ಲಾವಾರಸವಾಗಿ ಹೊರಬಂದು ಬೇಗ ಆರಿದ ಶಿಲೆ, ಇನ್ನೊಂದು ನೆಲದ ಬಿರುಕಿನಲ್ಲಿ ಸಾವಕಾಶವಾಗಿ ಆರಿದ್ದು. ತೊಗಲಿಗೆ ಮಾತ್ರ ಅಲೆಯಬೇಕಾಯಿತು. ಚಪ್ಪಲಿ ಅಂಗಡಿಯ ಚರ್ಮ ಈ ಕೆಲಸಕ್ಕೆ ಬಾರದು. ಅದು ಹದ ಮಾಡಿದ ಚರ್ಮ. ತಂಗಡಿ ಅಥವಾ ಜಾಲಿಯ ತೊಗಟೆಯ ಒಗರು ಅದರ ನಾರುಗಳನ್ನು ಕಟ್ಟಿಹಾಕಿರುತ್ತದೆ. ಹಾಗಾಗಿ ಅದು ಮೆತ್ತಗೆ ಉಳಿಯುತ್ತದೆ, ಒಣಗಿದಾಗ ಗಟ್ಟಿಯಾಗಿ ಸೆಟೆದುಕೊಳ್ಳುವುದಿಲ್ಲ. ಹಸಿ ತೊಗಲೆಂದರೆ ಕೂದಲು, ಮಾಂಸ, ಕೊಬ್ಬುಗಳನ್ನು ಹೆರೆದು ಒಣಗಿಸಿದ, ಹದ ಮಾಡದ ತೊಗಲು. ನೀರಿನಲ್ಲಿ ನೆನೆದಾಗ ಅದರ ನಾರುಗಳು ಒಂದರ ಮೇಲೊಂದು ಜಾರಿ ಹಿಗ್ಗುತ್ತವೆ; ನೀರು ಆರಿದಂತೆ ಹತ್ತಿರ ಸರಿದು ಒಂದಕ್ಕೊಂದು ಅಂಟಿಕೊಂಡು ಕುಗ್ಗುತ್ತವೆ. ಕೈಬಲದಿಂದ ಎಷ್ಟು ಎಳೆದರೂ ಬಾರದ ಬಿಗಿತ ಒಣಗುವಿಕೆಯಿಂದ ತಾನಾಗಿ ಬರುತ್ತದೆ. ಕೊನೆಗೆ ಕಲ್ಯಾಣದಲ್ಲಿ ತಬಲಾ ದುರಸ್ತಿ ಮಾಡುವವರೊಬ್ಬರಿಂದ ಎಮ್ಮೆಯ ತೊಗಲಿನ ಪಟ್ಟಿಗಳು ದೊರೆತವು. ಮರಾಠಿಯಲ್ಲಿ ಅದಕ್ಕೆ ವಾದಿ ಎನ್ನುತ್ತಾರೆ.

ಪಟ್ಟಿಯನ್ನು ಕಂಡೊಡನೆ ನನಗೆ ಬಳ್ಳಾರಿ ಸೀಮೆಯ ನಮ್ಮೂರಿನ ಮಿಣಿ ನೆನಪಾಯಿತು. ನೊಗವನ್ನು ಈಸಿಗೆ ಬಿಗಿಯುವ ಮಿಣಿ, ಬಾರುಕೋಲಿನ ಬಾರು, ಕಪಿಲೆ ಬಾವಿಯ ತೊಗಲಿನ ಚೀಲ, ಇವೆಲ್ಲವೂ ಮಾದಿಗರ ಕೇರಿಯಿಂದ ಬರುತ್ತಿದ್ದವು. ಪ್ರತಿಫಲವೆಂದರೆ ಸುಗ್ಗಿಯಲ್ಲಿ ಕಣದಲ್ಲಿ ಅಳೆದು ಕೊಡುವ ಆಯದ ಕಾಳು. ದುಂಡಗೆ ಕತ್ತರಿಸಿದ ತೊಗಲನ್ನು ಅಂಚಿನಿಂದ ಒಳಮುಖವಾಗಿ ಸುರುಳಿಯಾಗಿ ಕೊಯ್ದು, ಗಂಟಿಲ್ಲದ ಉದ್ದನೆಯ ಒಂದೇ ಪಟ್ಟಿ ತೆಗೆಯುವುದನ್ನು ನಾನು ಬಾಲ್ಯದಲ್ಲಿ ಬೆರಗಿನಿಂದ ನೋಡಿದ್ದೇನೆ. ಆ ಕೈಗಳಿಲ್ಲದೆ ಊರಿನ ಒಂದು ನೇಗಿಲೂ ಹೊಲಕ್ಕೆ ಇಳಿಯುತ್ತಿರಲಿಲ್ಲ. ಆದರೂ ಮಿಣಿ ತಂದವರು ನಮ್ಮ ಮನೆಯ ಅಂಗಳದಾಚೆಯೇ ನಿಲ್ಲಬೇಕಿತ್ತು. ಲೆಕ್ಕಪತ್ರ ನೋಡುವ ವೃತ್ತಿಯವನಾದ ನನಗೆ ಆ ಆಯದ ಲೆಕ್ಕ ಸರಿಹೊಂದಿತೆಂದು ಇಂದಿಗೂ ಅನ್ನಿಸಿಲ್ಲ.

ಕಟ್ಟುವ ಕ್ರಮ ಸರಳವೇ. ತಾಳ್ಮೆ ಬೇಕು ಅಷ್ಟೆ. ಪಟ್ಟಿಯನ್ನು ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಸಬೇಕು. ಬೇಗವಾಗಲೆಂದು ಬಿಸಿನೀರು ಹಾಕಬಾರದು. ಹೆಚ್ಚು ಕಾದರೆ ತೊಗಲು ಮುದುಡಿ, ಕುದಿಸುತ್ತ ಹೋದರೆ ಬಡಗಿಯ ಸರೇಸಾಗಿಬಿಡುತ್ತದೆ. ಕಾವು ಚೆನ್ನಾಗಿ ಒಣಗಿದ ಮರದ್ದಾಗಿರಬೇಕು; ಹಸಿಮರವಾದರೆ ತೊಗಲಿನ ಜೊತೆ ಅದೂ ಕುಗ್ಗಿ ಬಿಗಿತವೆಲ್ಲ ವ್ಯರ್ಥ. ಮೊದಲು ತೂತಿನ ಮೇಲೂ ಕೆಳಗೂ ಮರವನ್ನು ಒತ್ತಾಗಿ ಸುತ್ತಿ, ಆಮೇಲೆ ಕಲ್ಲಿನ ಎರಡೂ ಮಗ್ಗುಲಲ್ಲಿ ಓರೆಯಾಗಿ ಹಾಯಿಸಿ, ತುದಿಯನ್ನು ಸುತ್ತುಗಳ ಅಡಿಗೆ ತೂರಿಸಿ ಎಳೆಯಬೇಕು. ನೆರಳಿನಲ್ಲಿ ನಾಲ್ಕೈದು ದಿನ ಆರಲಿ. ಬಿಸಿಲಿಗಿಟ್ಟರೆ ಹೊರಗಿನ ಪದರ ಮೊದಲು ಒಣಗಿ ಬಿರಿಯುತ್ತದೆ.

ಮಾರ್ಚ್ ತಿಂಗಳಲ್ಲಿ ಕಟ್ಟಿದ ನಮ್ಮ ಕೊಡಲಿ ಮೇ ತಿಂಗಳಿನಲ್ಲಿ ಕಬ್ಬಿಣದಂತಿತ್ತು. ಜುಲೈಯಲ್ಲಿ ಮಗ ಅದನ್ನು ಬೀಸಿದಾಗ ಕಲ್ಲು ಕಳಚಿ ನನ್ನ ತಾಯಿಯವರ ಪಾದದಿಂದ ಗೇಣು ದೂರದಲ್ಲಿ ಬಿದ್ದಿತು. ಠಾಣೆ, ಡೊಂಬಿವಲಿಗಳ ಮಳೆಗಾಲದ ತೇವಕ್ಕೆ ತೊಗಲು ಮತ್ತೆ ಮೆತ್ತಗಾಗಿತ್ತು. ಒಣಗಿ ಗಳಿಸಿದ್ದನ್ನೆಲ್ಲ ತೊಗಲು ನೆನೆದು ಕಳೆಯುತ್ತದೆಂಬುದನ್ನು ಊರಿನ ಹಲಗೆ ಬಾರಿಸುವವರು ಬಲ್ಲರು. ಆದ್ದರಿಂದಲೇ ಬಾರಿಸುವ ಮುನ್ನ ಹಲಗೆಯನ್ನು ಬೆಂಕಿಗೆ ಕಾಯಿಸುತ್ತಾರೆ. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ದೊರೆತ, ಸುಮಾರು 5,300 ವರ್ಷಗಳ ಹಿಂದಿನ ಮನುಷ್ಯನೂ ಬಲ್ಲವನೇ. ಅವನ ಕೊಡಲಿಯ ಅಲಗು ತಾಮ್ರದ್ದಾದರೂ ಕಟ್ಟಿದ ರೀತಿ ಶಿಲಾಯುಗದ್ದೇ. ಅಲಗನ್ನು ಮರದ ಸೀಳಿನಲ್ಲಿರಿಸಿ, ಬರ್ಚ್ ಮರದ ತೊಗಟೆಯ ಅಂಟಿನಿಂದ ಕೂಡಿಸಿ, ಮೇಲೆ ತೊಗಲಿನ ಪಟ್ಟಿ ಸುತ್ತಿದ್ದಾನೆ. ತೊಗಲೊಂದನ್ನೇ ಅವನು ನಂಬಿರಲಿಲ್ಲ. ನಾವೂ ಎರಡನೆಯ ಸಲ ಗ್ರಂಧಿಗೆ ಅಂಗಡಿಯ ರಾಳವನ್ನು ಜೇನುಮೇಣದೊಡನೆ ಕರಗಿಸಿ ತೂತಿನೊಳಕ್ಕೆ ತುಂಬಿದೆವು, ಒಣಗಿದ ಕಟ್ಟಿನ ಮೇಲೂ ಬಳಿದೆವು.

ಈ ಸಂಚಿಕೆಯ ಆರೋಗ್ಯ ಲೇಖನಗಳ ನಡುವೆ ಇದೊಂದು ಮಾತು ಸಲ್ಲಬೇಕು. ಸತ್ತ ದನದ ತೊಗಲಿನಲ್ಲಿ ಆಂಥ್ರಾಕ್ಸ್, ಅಂದರೆ ನೆರಡಿ ರೋಗದ ಬೀಜಾಣುಗಳು ವರ್ಷಗಟ್ಟಲೆ ಜೀವ ಹಿಡಿದಿರಬಲ್ಲವು. ಹಸಿ ತೊಗಲಿನಿಂದ ಡೋಲು ತಯಾರಿಸುತ್ತಿದ್ದ ನ್ಯೂಯಾರ್ಕಿನ ಒಬ್ಬರಿಗೆ 2006ರಲ್ಲಿ ಈ ರೋಗ ತಗುಲಿತು. 2008ರಲ್ಲಿ ಲಂಡನ್ನಿನ ಒಬ್ಬ ಡೋಲು ತಯಾರಕರು ಇದರಿಂದಲೇ ಮೃತರಾದರು. ಮೂಲ ತಿಳಿಯದ ತೊಗಲನ್ನು ಮನೆಗೆ ತರಬಾರದು. ಒಣ ತೊಗಲನ್ನು ಉಜ್ಜಿ ಧೂಳೆಬ್ಬಿಸಬಾರದು. ಕೈಯಲ್ಲಿ ಗಾಯವಿದ್ದರೆ ಮುಟ್ಟಬಾರದು. ತೊಗಲು ಮುಟ್ಟಿದ ಮೇಲೆ ಕಪ್ಪು ಕಲೆಯ, ನೋವಿಲ್ಲದ ಹುಣ್ಣು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ, ತೊಗಲಿನ ವಿಷಯವನ್ನು ಹೇಳಬೇಕು. ಕಾಲಕ್ಕೆ ಸರಿಯಾಗಿ ಕೊಟ್ಟರೆ ಪ್ರತಿಜೀವಕ ಔಷಧಗಳಿಂದ ಗುಣವಾಗುತ್ತದೆ. ಕಲ್ಲನ್ನು ಉಜ್ಜುವಾಗಲೂ ನೀರು ಹಾಕುತ್ತಿರಬೇಕು, ಒಣಧೂಳು ಶ್ವಾಸಕೋಶಕ್ಕೆ ಕೇಡು. ನಮ್ಮೂರಿನಲ್ಲಿ ಸತ್ತ ದನವನ್ನು ಹೊತ್ತೊಯ್ದು ಬರಿಗೈಯಲ್ಲಿ ಸುಲಿಯುತ್ತಿದ್ದವರಿಗೆ ಈ ಎಚ್ಚರಿಕೆಯನ್ನು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ರಾಳ ಬಳಿದ ಕೊಡಲಿ ಒಂದು ಮಳೆಗಾಲವನ್ನು ಕಳೆದಿದೆ, ಕಟ್ಟು ಅಲುಗಿಲ್ಲ. ಆದರೂ ಬೀಸಲು ಮಗನ ಕೈಗೆ ಕೊಡುತ್ತಿಲ್ಲ. ಮೇ ತಿಂಗಳಲ್ಲಿ ಮತ್ತೊಮ್ಮೆ ರಾಳ ಬಳಿದು, ಕಪಾಟಿನ ಮೇಲೆ ಎತ್ತಿಡುತ್ತೇವೆ.