ಗುಜರಿ ಅಂಗಳದ ಹಾಟ್ ರಾಡ್

ಗುಜರಿಗೆ ಬಿದ್ದ ಕಾರಿನ ಬಿಡಿಭಾಗಗಳು
ಮತ್ತೆ ಓಟಕ್ಕೆ ಇಳಿಯುವುದು ಹೇಗೆ?

ಹಳೆಯ ಕಾರಿನ ಭಾರ ಇಳಿಸಿ,
ಎಂಜಿನ್ನಿನ ಬಲ ಹೆಚ್ಚಿಸಿ ರೂಪಿಸಿದ ವಾಹನವನ್ನು
ಅಮೆರಿಕದಲ್ಲಿ ಹಾಟ್ ರಾಡ್ ಎನ್ನುತ್ತಾರೆ.
ದಕ್ಷಿಣ ಕ್ಯಾಲಿಫೋರ್ನಿಯಾದ ಯುವಕರು
ಇವನ್ನು ನೀರು ಬತ್ತಿ ಗಟ್ಟಿಯಾದ ಸರೋವರಗಳ ಅಂಗಳದಲ್ಲಿ ಓಡಿಸುತ್ತಿದ್ದರು;
ಕೈಯಲ್ಲಿ ಕಾಸು ಕಡಿಮೆಯಿದ್ದ ಅವರಿಗೆ
ಗುಜರಿಯೇ ಬಿಡಿಭಾಗಗಳ ಅಂಗಡಿ.

ಅವರ ಅಚ್ಚುಮೆಚ್ಚಿನ 1932ರ ಫೋರ್ಡ್‌ನಲ್ಲಿ
ಬ್ರೇಕುಗಳನ್ನು ಉಕ್ಕಿನ ಸರಳುಗಳು ಎಳೆಯುತ್ತಿದ್ದು,
ಹೆಚ್ಚಿದ ವೇಗಕ್ಕೆ ಅವು ಸಾಲುತ್ತಿರಲಿಲ್ಲವಾದ್ದರಿಂದ,
1939ರ ನಂತರದ ಫೋರ್ಡ್‌ಗಳ ಹೈಡ್ರಾಲಿಕ್ ಬ್ರೇಕುಗಳನ್ನು,
ಅಂದರೆ ದ್ರವದ ಒತ್ತಡದಿಂದ ಕೆಲಸಮಾಡುವ ಬ್ರೇಕುಗಳನ್ನು,
ಬಿಚ್ಚಿ ತಂದು ಜೋಡಿಸಲಾಗುತ್ತಿತ್ತು.

ನಿಜವಾದ ಪರೀಕ್ಷೆ ಎಂಜಿನ್ನಿನದು.
ಈ ಫೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಫ್ಲಾಟ್‌ಹೆಡ್ ವಿ-8, ಅಂದರೆ ವಾಲ್ವುಗಳು ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕಿನಲ್ಲೇ ಕುಳಿತಿರುವ ಎಂಟು ಸಿಲಿಂಡರಿನ ಎಂಜಿನ್;
ಅದರಲ್ಲಿ ಸುಡುವ ಹೊಗೆ ಬ್ಲಾಕಿನ ಒಳಗಿನಿಂದಲೇ ಹಾಯುವುದರಿಂದ,
ವಾಲ್ವಿಗೂ ಸಿಲಿಂಡರಿಗೂ ನಡುವೆ
ಕೂದಲೆಳೆಯಷ್ಟು ಬಿರುಕು ಬೀಳುವುದುಂಟು.
ಸಂತೆಯಲ್ಲಿ ಗಡಿಗೆ ಕೊಳ್ಳುವವರು ತಟ್ಟಿ ನೋಡುವಂತೆ,
ಇಲ್ಲಿ ಬ್ಲಾಕನ್ನು ತೊಳೆದು, ಕಾಂತಗೊಳಿಸಿ,
ಕಬ್ಬಿಣದ ಸಣ್ಣ ಪುಡಿ ಉದುರಿಸುತ್ತಾರೆ;
ಬಿರುಕಿದ್ದಲ್ಲಿ ಪುಡಿ ಗೆರೆಯಾಗಿ ನಿಲ್ಲುತ್ತದೆ.

ತುಕ್ಕನ್ನು ಉಜ್ಜಿ ತೆಗೆಯಬಹುದು, ಹೊರಮೈಯ ತಗ್ಗನ್ನು ಬಡಿದು ಸರಿಪಡಿಸಬಹುದು;
ಆದರೆ ಸಿಲಿಂಡರಿನೊಳಕ್ಕೆ ಬಿರುಕು ಇಳಿದ ಬ್ಲಾಕು
ಎಷ್ಟೇ ಅಗ್ಗಕ್ಕೆ ಸಿಕ್ಕರೂ
ಕೊಳ್ಳಲು ತಕ್ಕುದಲ್ಲ.